ನೂರಿಪ್ಪತ್ತು ಗೆರೆಯ ಮುಖ

ಹೋದ ವಾರ ಪತ್ರಿಕೆಯ ನಿಧನವಾರ್ತೆಯ ಪುಟದಲ್ಲಿ ಅವರ ಹೆಸರು ಕಂಡೆ. ತೊಂಬತ್ತು ದಾಟಿದ್ದರಂತೆ. ಆ ಪುಟದಲ್ಲಿ ಉಳಿದವರಿಗೆಲ್ಲ ಬಣ್ಣದ ಫೋಟೋ ಇತ್ತು. ತೀರಿಕೊಂಡವರು ಅನ್ನುವುದಕ್ಕಿಂತ ಮದುವೆಗೆ ಹೊರಟವರ ಹಾಗೆ ಕಾಣುತ್ತಿದ್ದರು. ಇವರೊಬ್ಬರಿಗೆ ಮಾತ್ರ ಫೋಟೋ ಇಲ್ಲ, ಬರೀ ನಾಲ್ಕು ಸಾಲು. ಜಿಲ್ಲೆಯ ಅರ್ಧ ಮಂದಿಯ ಮುಖ ಪತ್ರಿಕೆಗೆ ಬರುವ ಹಾಗೆ ಮಾಡಿದ ಮನುಷ್ಯನಿಗೆ ಕೊನೆಯಲ್ಲಿ ತನ್ನದೊಂದು ಮುಖ ಸಿಗಲಿಲ್ಲವಲ್ಲ ಎಂದು ಯಾರಾದರೂ ಮರುಗಿರಬಹುದು. ನಾನು ಮರುಗಲಿಲ್ಲ. ಅವರು ಫೋಟೋ ತೆಗೆಸಿಕೊಳ್ಳದೆ ಉಳಿದದ್ದು ಬೇಕೆಂದೇ.

ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಬರೆದರೂ ಹಳೆಯ ವಿಜಾಪುರದವರಿಗೆ ಗುರುತು ಹತ್ತುವುದಿಲ್ಲ. ಎಪ್ಪತ್ತರ ದಶಕದಲ್ಲಿ ಊರಿಗೆಲ್ಲ ಅವರು ‘ಅಳಿಯಂದಿರು’. ಸೊಲ್ಲಾಪುರ ರಸ್ತೆಯ ಬ್ಲಾಕ್ ಅಂಗಡಿಯ ಬೋರ್ಡಿನಲ್ಲಿ ಮಾವನ ಹೆಸರು. ಜೋರಾಪುರ ಪೇಟೆಯ ಮನೆಯ ಬಾಗಿಲ ಮೇಲೆಯೂ ಮಾವನ ಹೆಸರು. ಒಬ್ಬಳೇ ಮಗಳಿಗೆ ಮನೆಅಳಿಯನಾಗಿ ಬಂದವರು ಇವರು. ಕಿರಾಣಿ ಅಂಗಡಿಯವನು, ಪೋಸ್ಟ್‌ಮನ್, ಕಡೆಗೆ ಅವರ ಮಕ್ಕಳ ಗೆಳೆಯರು ಸಹ ಬಾಗಿಲಲ್ಲಿ ನಿಂತು ‘ಅಳಿಯಂದ್ರು ಅದಾರೇನ್ರಿ’ ಎಂದೇ ಕೇಳುತ್ತಿದ್ದರು. ನಾನು ಕಾಕಾ ಅನ್ನುತ್ತಿದ್ದೆ.

ಆಗ ನಾನು ಒಂದು ವಾರಪತ್ರಿಕೆಯಲ್ಲಿ ಪ್ರೂಫ್ ನೋಡುತ್ತಿದ್ದೆ. ಬಿ.ಎ. ಮುಗಿದ ಹುಡುಗಿ ಮಸಿ ಮೆತ್ತಿದ ಕೈಯಲ್ಲಿ ಮನೆಗೆ ಬರುವುದು ನಮ್ಮ ಅವ್ವನಿಗೆ ಸುತರಾಂ ಸರಿಬರುತ್ತಿರಲಿಲ್ಲ. ನೋಡಲು ಬಂದ ವರಗಳ ಮುಂದೆ ಕೈಗಳನ್ನು ಸೆರಗಿನೊಳಗೆ ಇಟ್ಟುಕೋ ಅನ್ನುತ್ತಿದ್ದಳು. ನಾನು ಬೇಕೆಂದೇ ಹೊರಗೆ ಇಡುತ್ತಿದ್ದೆ. ಫೋಟೋ ಒಯ್ದು ಬ್ಲಾಕ್ ಮಾಡಿಸಿ ತರುವ ಕೆಲಸವೂ ಪತ್ರಿಕೆಯಲ್ಲಿ ನನಗೇ ಬಿದ್ದಿತ್ತು. ಹಾಗಾಗಿ ವಾರಕ್ಕೊಮ್ಮೆಯಾದರೂ ಕಾಕಾನ ಅಂಗಡಿಗೆ ಹೋಗುತ್ತಿದ್ದೆ.

ಬ್ಲಾಕ್ ಅಂದರೇನೆಂದು ಈಗಿನವರಿಗೆ ಹೇಳಬೇಕು. ಆಗ ಪತ್ರಿಕೆಯಲ್ಲಿ ಒಂದು ಮುಖ ಬರಬೇಕಾದರೆ ಫೋಟೋವನ್ನು ಸತುವಿನ ತಗಡಿನ ಮೇಲೆ ಚುಕ್ಕಿಗಳಾಗಿ ಇಳಿಸಬೇಕಿತ್ತು. ಅದಕ್ಕೆ ಎತ್ತಿನ ಬಂಡಿಯಷ್ಟು ಉದ್ದದ ಕ್ಯಾಮೆರಾ. ಒಂದು ತುದಿಯಲ್ಲಿ ಫೋಟೋ ಅಂಟಿಸಿ, ಎರಡೂ ಬದಿಗೆ ಕಣ್ಣು ಕುಕ್ಕುವ ದೀಪ ಹೊತ್ತಿಸಿ, ಇನ್ನೊಂದು ತುದಿಯಲ್ಲಿ ಫಿಲ್ಮಿನ ಮುಂದೆ ಒಂದು ಗಾಜು ನಿಲ್ಲಿಸುತ್ತಿದ್ದರು. ಆ ಗಾಜಿನ ತುಂಬ ಸಣ್ಣ ಅಡ್ಡಗೆರೆ, ಉದ್ದಗೆರೆ. ಅವುಗಳ ಸಂದಿಯಿಂದ ಹಾದ ಬೆಳಕು ಫೋಟೋವನ್ನು ಚುಕ್ಕಿ ಚುಕ್ಕಿಯಾಗಿ ಒಡೆಯುತ್ತಿತ್ತು. ಆಮೇಲೆ ಆ ಚುಕ್ಕಿಗಳನ್ನು ತಗಡಿಗೆ ಇಳಿಸಿ, ತೇಜಾಬಿನಲ್ಲಿ, ಅಂದರೆ ಆಸಿಡ್ಡಿನಲ್ಲಿ ಅದ್ದಿ, ನಡುವಿನ ಜಾಗ ತಿನ್ನಿಸಿದರೆ ಬ್ಲಾಕ್ ಆಯಿತು. ಕಾಕಾ ಹತ್ತಿರ ಅಂಥ ಗಾಜು ಎರಡು. ಒಂದು ಇಂಚಿಗೆ ಅರವತ್ತೈದು ಗೆರೆಯದು, ಇನ್ನೊಂದು ನೂರಿಪ್ಪತ್ತು ಗೆರೆಯದು. ಅರವತ್ತೈದರಲ್ಲಿ ಚುಕ್ಕಿ ದಪ್ಪ. ಪತ್ರಿಕೆಯ ಒರಟು ಕಾಗದಕ್ಕೆ ಅದು. ನೂರಿಪ್ಪತ್ತರಲ್ಲಿ ಚುಕ್ಕಿ ಬಲು ಸಣ್ಣ, ಮುಖ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಆದರೆ ಅದು ನುಣುಪಾದ ಆರ್ಟ್ ಪೇಪರಿನ ಮೇಲೆ ಮಾತ್ರ.

“ಕಾಗದಾ ಎಷ್ಟ ಉಣ್ಣತೈತಿ ಅಷ್ಟ ಬಡಸಬೇಕು ತಂಗಿ,” ಎಂದು ನನಗೆ ಮೊದಲ ದಿನವೇ ಹೇಳಿದ್ದರು. “ನಿಮ್ಮ ಪೇಪರಿನ ಕಾಗದಾ ಹಸದ ಮನಷ್ಯಾ ಇದ್ದಂಗ. ಮಸಿ ಕಂಡ್ರ ಹೀರಿಕೊಂತೈತಿ. ಸಣ್ಣ ಚುಕ್ಕಿ ಇಟ್ರ ನಡಬರಕಿನ ಸಂದಿ ಎಲ್ಲಾ ತುಂಬಿ ಒಂದ ಆಗಿಬಿಡ್ತೈತಿ.”

ಇದನ್ನು ಊರಿಗೆ ತಿಳಿಸಿ ಹೇಳುವುದರಲ್ಲಿ ಅವರ ಅರ್ಧ ಆಯುಷ್ಯ ಹೋಯಿತು. ಗಿರಾಕಿಗಳಿಗೆ ಒಂದೇ ಲೆಕ್ಕ: ಹೆಚ್ಚು ಗೆರೆ ಅಂದರೆ ಹೆಚ್ಚು ಚೆಂದ. ಬಬಲೇಶ್ವರದ ಗೌಡರೊಬ್ಬರು ತಮ್ಮ ಸತ್ಕಾರದ ಫೋಟೋ ತಂದು, ನಮ್ಮ ಪತ್ರಿಕೆಯಲ್ಲಿ ಬರುವ ಬ್ಲಾಕಿಗೆ ನೂರಿಪ್ಪತ್ತೇ ಬೇಕೆಂದು ಪಟ್ಟು ಹಿಡಿದರು. ಕಾಕಾ ಕೈ ಮುಗಿದು ಬೇಡ ಅಂದರು. “ಯಾಕ, ಬಬಲೇಶ್ವರದವ್ರು ಅಂದ್ರ ಅರವತ್ತೈದರ ಮಂದಿ ಏನು?” ಎಂದು ಗೌಡರು ಕೆರಳಿದರು. ಮಾವ ಹೊರಗಿನಿಂದ “ಕೇಳಿದ್ದ ಹಾಕಿ ಕೊಡ್ರಿ ಅಳಿಯಂದ್ರ” ಎಂದು ಅಪ್ಪಣೆ ಕೊಟ್ಟರು. ಆ ವಾರ ಪತ್ರಿಕೆಯಲ್ಲಿ ಗೌಡರ ಮೀಸೆ, ಮುಖ, ತಲೆಯ ಪಟಕ ಮೂರೂ ಒಂದಾಗಿ, ಮಾಲೆ ಹಾಕಿದ ಕರಿ ಗಡಿಗೆಯೊಂದು ಕುರ್ಚಿಯ ಮೇಲೆ ಕುಳಿತಿತ್ತು. ಸಂಪಾದಕರು ನನ್ನ ಮೇಲೆ ಹರಿಹಾಯ್ದರು, ನಾನು ಬಂದು ಕಾಕಾನ ಮೇಲೆ ಹರಿಹಾಯ್ದೆ. ಅವರು ನಗಲಿಲ್ಲ. ಪತ್ರಿಕೆಗೆ ಯಾರೇ ನೂರಿಪ್ಪತ್ತು ಕೇಳಲಿ, ಇನ್ನು ಕೊಡುವುದೇ ಇಲ್ಲ ಎಂದರು. ಹಾಗೇ ನಡೆದುಕೊಂಡರು, ಒಂದು ಸಲ ಬಿಟ್ಟು.

ಕಾಕಾ ಬಬಲೇಶ್ವರದ ಹತ್ತಿರದ ಮಮದಾಪುರದವರು. ಮದುವೆ ಗೊತ್ತಾದ ಮೇಲೆ ಒಮ್ಮೆ ಸೊಲ್ಲಾಪುರಕ್ಕೆ ಓಡಿಹೋಗಿದ್ದರಂತೆ, ಅಲ್ಲೊಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರಂತೆ, ಮಾವ ಸ್ವತಃ ಹೋಗಿ ಕರೆತಂದರಂತೆ. ಇಷ್ಟು ಜೋರಾಪುರ ಪೇಟೆಯಲ್ಲಿ ಎಲ್ಲರೂ ಬಲ್ಲರು. ಹುಡುಗನಿಗೆ ಕ್ಯಾಮೆರಾದ ಹುಚ್ಚು ಎಂದು ತಿಳಿದು ಮಾವ ಬೊಂಬಾಯಿಯಿಂದ ಆ ದೊಡ್ಡ ಕ್ಯಾಮೆರಾ ತರಿಸಿ ಅಂಗಡಿ ಇಟ್ಟುಕೊಟ್ಟರು. ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಒಳಗಿಟ್ಟು ಆಮೇಲೆ ಮುಂದಿನ ಗೋಡೆ ಕಟ್ಟಿಸಿದರು.

“ನಾನೂ ಅದೂ ಜೋಡೀಲೆ ಒಳಗ ಬಂದೀವಿ,” ಎಂದು ಕಾಕಾ ಕ್ಯಾಮೆರಾದ ಬೆನ್ನು ತಟ್ಟುತ್ತಿದ್ದರು. “ಗ್ವಾಡಿ ಒಡದ್ರ ಇಬ್ರೂ ಹೊರಗ.”

ಗೋಡೆಯ ಆಚೆ, ಅಂಗಡಿಯ ಬಾಯಲ್ಲಿ, ಗಾದಿಯ ಮೇಲೆ ಮಾವ. ಅವರನ್ನು ದಾಟದೆ ಯಾರೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ. ಮಾವ ಕೆಟ್ಟವರೆಂದು ನಾನು ಹೇಳಲಾರೆ. ಅಳಿಯನನ್ನು ಒಂದು ದಿನ ಏಕವಚನದಲ್ಲಿ ಕರೆದವರಲ್ಲ. ಊಟ ಮನೆಯಿಂದ ಬಿಸಿಯಾಗಿ ಬರುತ್ತಿತ್ತು, ಹಬ್ಬಕ್ಕೆ ಧೋತರ ಬರುತ್ತಿತ್ತು. ಬೈದಿದ್ದರೆ, ಹೊಡೆದಿದ್ದರೆ ಜಗಳವಾಡಿ ಎದ್ದು ಹೋಗಲಿಕ್ಕಾದರೂ ಒಂದು ನೆವ ಸಿಗುತ್ತಿತ್ತು. ಆ ಉಪಕಾರವನ್ನು ಮಾವ ಮಾಡಲಿಲ್ಲ. ಕಾಕಾ ಒಮ್ಮೆ ಮಮದಾಪುರಕ್ಕೆ ಹೋಗಿಬರುತ್ತೇನೆಂದರೆ, “ಹೋಗ್ರಿ, ಬ್ಯಾಡ ಅಂದೀನಾ? ನಾನೂ ಬರ್ತೀನಿ ಜೋಡಿ” ಅನ್ನುತ್ತಿದ್ದರು. ಕಾಕಾ ತಿರುಗಿ ಕತ್ತಲಕೋಣೆಗೆ ಹೋಗುತ್ತಿದ್ದರು.

ಹಾಗಾಗಿ ಬಬಲೇಶ್ವರದ ಕಡೆಯಿಂದ ಯಾರೇ ಬರಲಿ, ಅವರ ಮೊದಲ ಪ್ರಶ್ನೆ ಒಂದೇ: “ಮಮದಾಪುರದ ಕೆರ್ಯಾಗ ನೀರ ಎಲ್ಲಿತನಾ ಬಂದೈತ್ರಿ?” ಬಂದವರಿಗೆ ಗೊತ್ತಿದ್ದರೆ ಹೇಳುವರು, ಇಲ್ಲದಿದ್ದರೆ ಬಾಯಿಗೆ ಬಂದದ್ದು ಹೇಳುವರು. ಯಾವುದನ್ನು ಹೇಳಿದರೂ ಕಾಕಾ ಒಂದು ಕಣ್ಣು ಮುಚ್ಚಿ ಕೇಳುತ್ತಿದ್ದರು, ನೆಗೆಟಿವ್ ನೋಡುವಾಗಿನ ಹಾಗೆ. ನಲವತ್ತು ದಾಟಿದ ಸಪೂರ ಆಳು, ತೇಜಾಬಿನಿಂದ ಹಳದಿಯಾದ ಬೆರಳು. ಕತ್ತಲಲ್ಲಿ ಓಡಾಡಿ ಓಡಾಡಿ ಅವರಿಗೊಂದು ಚಟ ಅಂಟಿತ್ತು: ಹಾಡಹಗಲು ಬೀದಿಯಲ್ಲಿಯೂ ಪಕ್ಕದ ಗೋಡೆಯನ್ನು ಸವರುತ್ತಲೇ ನಡೆಯುತ್ತಿದ್ದರು. ಪೇಟೆಯ ಹುಡುಗರು ಅವರ ಹಿಂದೆ ಹಾಗೆಯೇ ಗೋಡೆ ಸವರುತ್ತ ನಡೆದು ನಗುತ್ತಿದ್ದರು. ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು.

ಅವರಿಗೆ ಸುಖ ಕೊಡುತ್ತಿದ್ದದ್ದು ನೂರಿಪ್ಪತ್ತರ ಗಾಜು. ಅರವತ್ತೈದರದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಇಡುತ್ತಿದ್ದರೆ, ಇದಕ್ಕೆ ಹಸಿರು ಮಖಮಲ್ಲಿನ ಬಟ್ಟೆ. ಕೆಲಸವಿಲ್ಲದ ಮಧ್ಯಾಹ್ನ ಅರಳಿ ಎಲೆಯನ್ನೋ, ಹೆಂಡತಿಯ ಇಳಕಲ್ ಸೀರೆಯ ಸೆರಗನ್ನೋ ಕ್ಯಾಮೆರಾದ ಮುಂದೆ ಅಂಟಿಸಿ ಆ ಗಾಜಿನಿಂದ ಬ್ಲಾಕ್ ಮಾಡಿ, ಆರ್ಟ್ ಪೇಪರಿನ ಮೇಲೆ ಒತ್ತಿ ನನ್ನ ಕೈಗೆ ಕೊಡುತ್ತಿದ್ದರು. “ನೋಡ ಬೇ, ಎಲಿ ನರಾ ಹೆಂಗ ಬಂದಾವು!” ಎನ್ನುವಾಗ ಅವರ ಮುಖ ಸಣ್ಣ ಹುಡುಗನದಾಗುತ್ತಿತ್ತು. ಯಾವ ಗಿರಾಕಿಗೂ ಬೇಡದ, ಯಾರೂ ಅಪ್ಪಣೆ ಕೊಡದ ಕೆಲಸ ಅದೊಂದೇ ಇತ್ತು ಅವರಿಗೆ.

ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗ ತಿಕೋಟಾದ ಯಜಮಾನರೊಬ್ಬರು ಬಂದರು. ದ್ರಾಕ್ಷಿ ತೋಟದವರು, ಮಾವನಿಗೆ ದೂರದ ಪರಿಚಯ. ಒಂದು ಫೋಟೋ ತೆಗೆದು ಗಾದಿಯ ಮೇಲಿಟ್ಟರು. ಎರಡು ಜಡೆ ಮುಂದಕ್ಕೆ ಹಾಕಿಕೊಂಡ ಹುಡುಗಿ, ಹುಬ್ಬಿನ ಮೇಲೆ ಒಂದು ಕಲೆ, ನಗಬೇಕೋ ಬೇಡವೋ ಎಂಬಂಥ ಬಾಯಿ.

“ಮಗಳು ಮನಿ ಬಿಟ್ಟ ಹೋಗ್ಯಾಳ್ರಿ. ಸ್ವಾದರಮಾವಗ ಕೊಡೂದಂತ ಮಾತಾಗಿತ್ತು. ಅಂವಂದು ಎರಡನೇ ಸಂಬಂಧ, ಆದ್ರೇನಾತು, ಮನಿತನದಾಗಿನಂವ. ಇಕಿ ನರ್ಸ್ ಕಲೀತೀನಿ ಅಂತ ಹಟಾ ಹಿಡದಿದ್ಲು. ಮಂದಿ ಹೊಲಸ ಬಳ್ಯಾಕ ಹೊಂಟಾಳ.”

“ಸಿಗ್ತಾಳ ಬಿಡ್ರಿ,” ಎಂದರು ಮಾವ. “ಪೇಪರಿನ್ಯಾಗ ಮಾರಿ ಬಂದ ಮ್ಯಾಲೆ ಎಲ್ಲಿಗೆ ಹೋಗ್ತಾಳ? ಇದು ನಾ ಕಂಡ ಮಾತ ಐತಿ.”

ನಮ್ಮ ವಾರಪತ್ರಿಕೆ ವಿಜಾಪುರದಿಂದ ಸೊಲ್ಲಾಪುರ, ಮಿರಜ್‌ವರೆಗೆ ಬಸ್ ಸ್ಟ್ಯಾಂಡುಗಳಲ್ಲಿ ಸಿಗುತ್ತಿತ್ತು. ನರ್ಸಿಂಗ್ ಕಲಿಯಲು ಆ ಕಾಲದಲ್ಲಿ ಹುಡುಗಿಯರು ಹೋಗುತ್ತಿದ್ದದ್ದು ಮಿರಜ್ ಕಡೆಗೇ. ಕಾಣೆಯಾದವರ ಜಾಹೀರಾತು ನಮ್ಮಲ್ಲಿಯೇ ಹಾಕಿಸಬೇಕೆಂದು ಯಜಮಾನರು ಯೋಚಿಸಿಕೊಂಡೇ ಬಂದಿದ್ದರು.

ಕಾಕಾ ಫೋಟೋ ಕೈಗೆತ್ತಿಕೊಂಡು ನಿಂತೇ ಇದ್ದರು. ಗಿರಾಕಿಗಳನ್ನು ಅಳತೆಯ ಹೊರತು ಬೇರೇನೂ ಕೇಳದ ಮನುಷ್ಯ, ಅವತ್ತು ಕೇಳಿದರು: “ಸಿಕ್ಕ ಮ್ಯಾಲೆ ಏನ ಮಾಡ್ತೀರಿ?”

“ಏನ ಮಾಡೂದೈತ್ರಿ? ಅವತ್ತಿಂದವತ್ತ ಅಕ್ಕಿಕಾಳ ಹಾಕಿ ಮದವಿ ಮುಗಸೂದು. ಆಮ್ಯಾಲೆ ಹೊಸ್ತಿಲಾ ದಾಟಗೊಡೂದಿಲ್ಲ.”

“ಹೌದ ಬಿಡ್ರಿ,” ಎಂದು ಕಾಕಾ ಒಳಗೆ ನಡೆದರು. ನನ್ನ ಬ್ಲಾಕ್ ಇಸಿದುಕೊಳ್ಳಲು ನಾನೂ ಹಿಂದೆ ಹೋದೆ. ಅವರು ಕಪಾಟಿನ ಮುಂದೆ ನಿಂತು ಅರವತ್ತೈದರ ಗಾಜಿಗೆ ಕೈ ಹಾಕಿ, ಬಿಟ್ಟರು. ಆಮೇಲೆ ಹಸಿರು ಮಖಮಲ್ಲಿನ ಬಟ್ಟೆ ಬಿಚ್ಚಿದರು.

“ಕಾಕಾ, ಆ ಫೋಟೋ ನಮ್ಮ ಪೇಪರಿಗ್ರಿ,” ಎಂದೆ.

“ಗೊತ್ತೈತಿ ತಂಗಿ. ಬಾಗಲಾ ಮುಚ್ಚು.”

ಮರುದಿನ ನಾನು ಬ್ಲಾಕ್ ತರಲು ಹೋದಾಗ ತಿಕೋಟಾದ ಯಜಮಾನರೂ ಬಂದು ಕುಳಿತಿದ್ದರು. ಅಂಗಡಿಯ ಪದ್ಧತಿಯಂತೆ ಕಾಕಾ ಬ್ಲಾಕಿನ ಪ್ರೂಫನ್ನು ಆರ್ಟ್ ಪೇಪರಿನ ಮೇಲೆ ಒತ್ತಿ ತಂದರು. ನನ್ನ ಕಣ್ಣಿಗೆ ಈಗಲೂ ಅದು ಕಟ್ಟಿದಂತಿದೆ. ಅಂಥ ಇನ್ನೊಂದು ಕೆಲಸ ವಿಜಾಪುರದಲ್ಲಿ ಆಗಿರಲಿಕ್ಕಿಲ್ಲ. ಕೊರಳ ಸರದ ಮಣಿ ಮಣಿ ಬಿಡಿಬಿಡಿಯಾಗಿ ಬಂದಿದ್ದವು. ಯಜಮಾನರು ಅದನ್ನು ಹಿಡಿದು ನೋಡುತ್ತ ನೋಡುತ್ತ ಪಟಕದ ತುದಿಯಿಂದ ಕಣ್ಣೊರೆಸಿಕೊಂಡರು. “ಹುಬ್ಬಿನ ಮ್ಯಾಲಿನ ಕಲಿ ಸುದ್ದಾ ಬಂದೈತಿ. ಸಣ್ಣಾಕಿದ್ದಾಗ ಬಾವಿ ಕಟ್ಟಿಗೆ ಬಡಕೊಂಡಿದ್ಲು,” ಎಂದರು. ಇಷ್ಟು ಪ್ರೀತಿಯ ಅಪ್ಪ ಯಾಕೆ ಹೀಗೆ ಎಂದು ಅಲ್ಲಿಯೇ ಕೇಳಿಬಿಡಬೇಕೆನಿಸಿತು. ಕೇಳಲಿಲ್ಲ. ಮಾವ ಪ್ರೂಫ್ ನೋಡಿ ಹೆಮ್ಮೆಯಿಂದ ತಲೆಯಾಡಿಸಿದರು. ಆ ವಯಸ್ಸಿನ ಕಣ್ಣಿಗೆ ಚುಕ್ಕಿಯ ಗಾತ್ರ ಎಲ್ಲಿ ಗೊತ್ತಾಗಬೇಕು.

ಬ್ಲಾಕನ್ನು ಪ್ರೆಸ್ಸಿಗೆ ಒಯ್ದೆ. ಮಶಿನ್‌ಮನ್ ಅದರ ಮೇಲೆ ಉಗುರು ಎಳೆದು ನೋಡಿ, “ಅಕ್ಕಾರ, ಇದು ನಮ್ಮ ಕಾಗದಕ್ಕ ಒಗ್ಗೂದಿಲ್ರಿ. ಗೌಡ್ರ ಹಣೇಬಾರ ಆಗ್ತೈತಿ. ವಾಪಸ್ ಕೊಟ್ಟ ಬರ್ರಿ,” ಎಂದ. ಅವನ ಮಾತು ನ್ಯಾಯದ್ದೇ. ನಾನು ಸಂಪಾದಕರಿಗೆ ಒಂದು ಮಾತು ಹೇಳಿದ್ದರೆ ಸಂಜೆಯೊಳಗೆ ಅರವತ್ತೈದರ ಬ್ಲಾಕ್ ಬಂದಿರುತ್ತಿತ್ತು. ಆ ವಾರ ನಮ್ಮ ಮನೆಗೂ ಒಂದು ವರ ಬಂದುಹೋಗಿತ್ತು. ಹುಡುಗಿ ಇನ್ನು ಪ್ರೆಸ್ಸಿಗೆ ಹೋಗುವುದು ಬೇಡ ಎಂದು ಉಪ್ಪಿಟ್ಟು ತಿನ್ನುತ್ತಲೇ ಹೇಳಿಹೋಗಿದ್ದ.

“ವ್ಯಾಳ್ಯಾ ಇಲ್ಲಪಾ, ಹೊಡಿ,” ಎಂದೆ. “ಮತ್ತ ಹೋದ ವಾರ ಮಸಿ ತೆಳ್ಳಗ ಆಗಿತ್ತು ಅಂತ ಬೈದಾರ. ಈ ಸಲ ಒಂದ ಸ್ವಲ್ಪ ದಪ್ಪನ ಇರ್ಲಿ.”

ಪತ್ರಿಕೆ ಹೊರಬಿತ್ತು. ‘ಗೋಧಿ ಬಣ್ಣ, ದುಂಡು ಮುಖ, ಹುಬ್ಬಿನ ಮೇಲೆ ಕಲೆ’ ಎಂದು ಕೆಳಗೆ ನಾನೇ ತಿದ್ದಿದ ಸಾಲುಗಳು, ಒಂದು ಕಾಗುಣಿತ ತಪ್ಪಿಲ್ಲ. ಮೇಲೆ ಒಂದು ಕರಿ ಮುದ್ದೆ, ಅದರ ಎರಡೂ ಬದಿಗೆ ಜಡೆಯ ರಿಬ್ಬನ್ನಿನ ಬಿಳಿ ಹೂವು ಮಾತ್ರ ಉಳಿದಿತ್ತು.

ತಿಕೋಟಾದವರು ಪತ್ರಿಕೆ ಹಿಡಿದುಕೊಂಡು ಮೊದಲು ನಮ್ಮಲ್ಲಿಗೆ ಬಂದರು. ಸಂಪಾದಕರು ಬ್ಲಾಕಿನ ತಪ್ಪು ಎಂದರು, ನನ್ನನ್ನೂ ಜೊತೆಗೆ ಕಳಿಸಿದರು. ಅಂಗಡಿಯಲ್ಲಿ ಮಾವ, ಪ್ರೂಫ್ ನೀವೇ ನೋಡಿದ್ದೀರಲ್ಲ, ಇದು ಪ್ರೆಸ್ಸಿನವರ ತಪ್ಪು ಎಂದರು. ಯಜಮಾನರಿಗೆ ಯಾರ ತಪ್ಪೆಂಬುದು ಬೇಕಿರಲಿಲ್ಲ.

“ಮಗಳು ನನ್ನ ಮಾರಿಗೆ ಮಸಿ ಹಚ್ಚಿ ಹೋದ್ಲು. ನೀವು ಅಕಿ ಮಾರಿಗೂ ಹಚ್ಚೀರಿ. ಊರಾಗ ಕಟ್ಟಿ ಮ್ಯಾಲೆ ಕುಂತ ಮಂದಿ ಪೇಪರ ಹಿಡಕೊಂಡ ನಗಾಕತ್ತಾರ್ರಿ!”

“ಮುಂದಿನ ವಾರ ಮತ್ತ ಹಾಕೋಣ್ರಿ. ಬ್ಲಾಕ್ ನಾ ಪುಗಸಟ್ಟೆ ಮಾಡಿಸಿ ಕೊಡ್ತೀನಿ,” ಎಂದರು ಮಾವ.

“ಸಾಕ ಬಿಡ್ರಿ. ಇನ್ನೊಮ್ಮಿ ಹಾಕ್ಸಿ ಊರಿಗೆ ಇನ್ನೊಮ್ಮಿ ನೆನಪ ಮಾಡಿ ಕೊಡ್ಲ್ಯಾ? ನನ್ನ ಪಾಲಿಗೆ ಅಕಿ ಇಲ್ಲ.”

ಪತ್ರಿಕೆಯನ್ನು ಗಾದಿಯ ಮೇಲೆ ಒಗೆದು ಹೊರಟುಹೋದರು. ಕಾಕಾ ಕತ್ತಲಕೋಣೆಯ ಪರದೆ ಹಿಡಿದುಕೊಂಡು ನಿಂತಿದ್ದರು. ಮಾವ ಪತ್ರಿಕೆ ಎತ್ತಿಕೊಂಡರು, ಗಲ್ಲಾಪೆಟ್ಟಿಗೆಯಿಂದ ಭೂತಗನ್ನಡಿ ತೆಗೆದರು, ಅಂಗಡಿಯಲ್ಲಿ ಉಳಿದಿದ್ದ ಇನ್ನೊಂದು ಪ್ರೂಫಿನ ಮೇಲೆ ಅದನ್ನು ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಅಳಿಯನನ್ನು ನೋಡಿದರು. ನಾನು ಅಲ್ಲಿ ನಿಲ್ಲಲಾರದೆ ಬಂದುಬಿಟ್ಟೆ.

ಮುಂದೊಂದು ದಿನ ಯಾರದೋ ಲಗ್ನಪತ್ರಿಕೆಗೆ ಗಣಪತಿಯ ಬ್ಲಾಕ್ ಬೇಕಾಗಿ ಹೋದೆ. ನೂರಿಪ್ಪತ್ತರದು ಅಂದ ಕೂಡಲೇ ಮಾವ, “ಅದು ಒಡದೈತಿ,” ಎಂದರು. ಒಳಗೆ ಹೋದೆ. ಕೆಂಪು ದೀಪದ ಬೆಳಕಿನಲ್ಲಿ ಕಾಕಾ ತಟ್ಟೆಯ ತೇಜಾಬನ್ನು ಅಲುಗಾಡಿಸುತ್ತ ಕುಳಿತಿದ್ದರು. ಹಸಿರು ಮಖಮಲ್ಲಿನ ಬಟ್ಟೆ ಕಪಾಟಿನಲ್ಲಿ ಖಾಲಿ ಬಿದ್ದಿತ್ತು.

“ಒಡದಿಲ್ಲ,” ಎಂದರು, ಹೊರಗೆ ಕೇಳದ ಹಾಗೆ. “ಮನ್ಯಾಗ ತಿಜೋರಿ ಒಳಗ ಐತಿ. ಕೀಲಿ ಅವರ ಉಡದಾರದಾಗ.”

“ಬೈದ್ರೇನ್ರಿ?”

“ಎಲ್ಲಿ ಬೈತಾರ. ‘ಅಳಿಯಂದ್ರ, ಇನ್ನ ನಿಮಗ ಒಂದ ಗಾಜ ಸಾಕು’ ಅಂದ್ರು. ಅಷ್ಟ.”

ಅರಳಿ ಎಲೆ, ಇಳಕಲ್ ಸೆರಗು ಎಲ್ಲ ಅಲ್ಲಿಗೆ ಮುಗಿಯಿತು. ಮಾವ ಬದುಕಿರುವವರೆಗೂ, ಆಮೇಲೆ ಅಂಗಡಿ ಮುಚ್ಚುವವರೆಗೂ ಆ ಗಾಜು ಮತ್ತೆ ಹೊರಗೆ ಬರಲಿಲ್ಲ. ನನಗೆ ಅವತ್ತು ಅಳು ಬಂತು. ಆಮೇಲೆ ಅಂಜಿಕೆ ಬಂತು.

“ಕಾಕಾ, ಆ ಹುಡುಗಿ ಎಲ್ಲೆರ ಸಂಕಟದಾಗ ಸಿಕ್ಕಿದ್ರ? ಯಾರರ ಫೋಟೋ ನೋಡಿ ಕೈ ಹಿಡದ ತಂದ ಬಿಡ್ತಿದ್ರಿಲ್ಲೋ?”

“ಹಂಗಿದ್ರ ಆ ಪಾಪ ನನ್ನ ತಲಿಗೆ ತಂಗಿ. ತಿಳದ ಮಾಡೀನಿ. ನಿದ್ದಿ ಬರೂದಿಲ್ಲ, ಅದಕ್ಕೇನ ಮಾಡೂದು.” ತಟ್ಟೆ ಅಲುಗಾಡಿಸುವುದನ್ನು ಅವರು ನಿಲ್ಲಿಸಲಿಲ್ಲ. “ನೀನೂ ಮಸಿ ದಪ್ಪ ಮಾಡ್ಸಿದ್ಯಂತಲ್ಲ. ಮಶಿನ್‌ಮನ್ ಹೇಳಿದ.”

ಹುಡುಗಿ ಸಿಕ್ಕಳೆಂಬ ಸುದ್ದಿ ಬರಲೇ ಇಲ್ಲ. ಬಂದಿದ್ದರೆ ತಿಕೋಟಾದ ಬಸ್ಸಿನವರು ಅದನ್ನು ನಮಗಿಂತ ಮೊದಲು ಊರಿಗೆಲ್ಲ ಹಂಚಿರುತ್ತಿದ್ದರು. ಅವಳು ನರ್ಸ್ ಆದಳೋ, ಏನಾದಳೋ, ನಮ್ಮಿಬ್ಬರಿಗೂ ತಿಳಿಯಲಿಲ್ಲ. ಮಿರಜ್ ಕಡೆಯ ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋದರೆ ನಾನು ಇವತ್ತಿಗೂ ಮೊದಲು ನರ್ಸುಗಳ ಹುಬ್ಬು ನೋಡುತ್ತೇನೆ.

ಅವತ್ತು ಕತ್ತಲಕೋಣೆಯಲ್ಲಿ ನಾನು ಕೇಳಿದೆ: “ಪ್ರಾಣದಂಥಾ ಗಾಜ ಹೋತಲ್ರಿ ಕಾಕಾ. ಯಾವಾಕಿದೋ ಸಲುವಾಗಿ ಯಾಕ್ರಿ?”

ಅವರು ತಗಡನ್ನು ಎತ್ತಿ, ನೀರಿನಲ್ಲಿ ತೊಳೆದು, ಒಂದು ಕಣ್ಣು ಮುಚ್ಚಿ ಬೆಳಕಿಗೆ ಓರೆಯಾಗಿ ಹಿಡಿದರು.

“ಸೊಲ್ಲಾಪುರದಾಗ ಸ್ಟುಡಿಯೋ ಬಾಜೂಕ ಒಂದ ಹೊಟೇಲ್ ಇತ್ತು. ದಿನಾ ಮುಂಜಾನೆ ಅಲ್ಲೇ ಚಹಾ. ಒಂದಿನಾ ಹೋದೆ. ಹೊಟೇಲ್‌ನಂವ ಪೇಪರ ಓದಾಕತ್ತಿದ್ದ. ಪೇಪರ ನೋಡಿದ, ನನ್ನ ನೋಡಿದ. ಚಹಾ ಕೊಡೂದ ಬಿಟ್ಟು ಎದ್ದ ಹೋಗಿ ಬಾಗಲಾ ಹಾಕಿದ. ಮಾವನೋರು ಕಾಣೆಯಾಗಿದ್ದಾನೆ ಅಂತ ಹಾಕ್ಸಿದ್ರು, ನನ್ನ ಫೋಟೋ. ಅದ ಕಡೀದು, ಆಮ್ಯಾಲೆ ನಾ ಫೋಟೋಕ್ಕ ನಿಂತಿಲ್ಲ.”

ಕಾಕಾ ತಗಡನ್ನು ಇನ್ನೊಮ್ಮೆ ನೀರಿನಲ್ಲಿ ಅದ್ದಿ ತೆಗೆದರು.

“ಆ ಪೇಪರ ನಾ ನೋಡೀನಿ ತಂಗಿ. ಅರವತ್ತೈದ ಗೆರಿದು. ಕಣ್ಣು, ಮೂಗು, ಗದ್ದದ ಮ್ಯಾಲಿನ ಗಾಯಾ... ಒಂದ ಚುಕ್ಕಿ ಸುದ್ದಾ ತುಂಬಿದ್ದಿಲ್ಲ. ಆ ಬ್ಲಾಕ್ ಮಾಡಿದಂವ ಭಾಳ ಚಲೋ ಕೆಲಸಗಾರ ಇದ್ದ, ಪುಣ್ಯಾತ್ಮ.”

ಹೊರಗಿನಿಂದ ಮಾವ, “ಅಳಿಯಂದ್ರ, ಗಿರಾಕಿ ಬಂದಾರ” ಎಂದರು. ಕಾಕಾ ತಗಡನ್ನು ಒಣಗಲು ಇಟ್ಟು, ಗೋಡೆ ಸವರುತ್ತ ಹೋದರು.